ಲೆಡ್‌ಬೆಟರ್‌ನ ನಾಲ್ಕನೇ ಹೋಂ ರನ್

ಮಧ್ಯಾಹ್ನದ ಶಿಳ್ಳೆ ಊದಿದ ಮೇಲೆ ಡೊಯ್ಲ್ ಲೆಡ್‌ಬೆಟರ್ ಹತ್ತಿ ಹಿಂಜುವ ಕೋಣೆಯಿಂದ ಹೊರಬಂದು, ಗಿರಣಿಯ ಮೆಟ್ಟಿಲ ಮೇಲೆ ಕೂತು, ಮೊದಲು ಕೆಮ್ಮುತ್ತಿದ್ದ, ಊಟ ಆಮೇಲೆ. ಕೆಮ್ಮು ಮುಗಿಯಲು ಐದು ನಿಮಿಷ ಬೇಕಾಗುತ್ತಿತ್ತು. ಹುಬ್ಬು, ರೆಪ್ಪೆ, ಕಿವಿಯ ಕೂದಲಿಗೆಲ್ಲ ಹತ್ತಿಯ ಎಳೆಗಳು ಅಂಟಿಕೊಂಡು, ಮೂವತ್ತೊಂದರ ಆ ಮನುಷ್ಯ ಎಪ್ಪತ್ತರ ಮುದುಕನಂತೆ ಕಾಣುತ್ತಿದ್ದ. ಶನಿವಾರ ಅದೇ ಮುದುಕ ಬ್ಯಾಟು ಹಿಡಿದು ನಿಂತರೆ ಹಾರ್ಪರ್ ಷೋಲ್ಸ್ ಬೇಸ್‌ಬಾಲ್ ಮೈದಾನದ ಬೇಲಿಯಾಚೆಯ ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ಬ್ಯಾಟನ್ನು ತೀರಿಹೋದ ಅಪ್ಪನ ಉಣ್ಣೆಯ ಕೋಟಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎದೆಗೊತ್ತಿಕೊಂಡು, ಪಾದಗಳನ್ನು ತುಸು ಒಳಕ್ಕೆ ತಿರುಗಿಸಿ, ಅವಸರವಿಲ್ಲದೆ ನಡೆದು ಬರುತ್ತಿದ್ದ. ಹೊಡೆದ ಚೆಂಡು ಎಲ್ಲಿ ಹೋಯಿತೆಂದು ಅವನು ನೋಡಿದ್ದೇ ಇಲ್ಲ. ತಲೆ ಬಗ್ಗಿಸಿ ಓಡುವುದು, ಅಷ್ಟೆ. ಏನು ಹೇಳುವುದಿದ್ದರೂ ‘ನಾನು ಕಂಡ ಮಟ್ಟಿಗೆ’ ಎಂದೇ ಶುರು. ತೊಯ್ದು ತೊಪ್ಪೆಯಾಗಿ ನಿಂತುಕೊಂಡೇ “ನಾನ್ ಕಂಡ್ ಮಟ್ಟಿಗೆ ಮಳೆ ಬರ್ತಿದೆ” ಎಂದದ್ದನ್ನು ನಾನೇ ಕೇಳಿದ್ದೇನೆ.

ಸಾವಿರದ ಒಂಬೈನೂರ ಮೂವತ್ತೆಂಟರ ಜುಲೈ ನಾಲ್ಕು, ಸ್ವಾತಂತ್ರ್ಯದ ದಿನ. ಗಿರಣಿಗೆ ರಜೆ, ಬೆಲ್‌ವುಡ್ ಗಿರಣಿಯ ತಂಡದ ಮೇಲೆ ಒಂದೇ ದಿನ ಎರಡು ಪಂದ್ಯ. ಸಂಬಳ ಕೊಟ್ಟು ಆಡಿಸುವ ದೊಡ್ಡ ತಂಡವೊಂದರ ಪರವಾಗಿ, ಹುಲ್ಲುಟೋಪಿಯ ಒಬ್ಬ ಮನುಷ್ಯ ಲೆಡ್‌ಬೆಟರ್‌ನನ್ನೇ ನೋಡಲು ಬಂದಿದ್ದ. ಇನ್ನೆರಡು ವರ್ಷ ಆ ಕೋಣೆಯ ದೂಳು ಕುಡಿದರೆ ಶ್ವಾಸಕೋಶ ಉಳಿಯುವುದಿಲ್ಲವೆಂದು ಡಾಕ್ಟರು ಆ ವಸಂತದಲ್ಲಿ ಅವನ ಹೆಂಡತಿ ಐಡಾಗೆ ಹೇಳಿದ್ದರು. ಊರಿಗೆಲ್ಲ ಇದು ಗೊತ್ತಿತ್ತು. ಕೋಣೆಯಿಂದ ಆಚೆಗೆ ಅವನಿಗಿದ್ದ ದಾರಿ ಆ ಹುಲ್ಲುಟೋಪಿಯೊಂದೇ.

ಮೊದಲ ಪಂದ್ಯದಲ್ಲಿ ಚೆಂಡನ್ನು ಬೇಲಿ ದಾಟಿಸಿ ಎರಡು ಹೋಂ ರನ್ ಹೊಡೆದ. ಎರಡನೆಯದರ ನಡುವೆ ಮತ್ತೊಂದು. ನಮ್ಮ ಗಿರಣಿಗಳ ಆಟದಲ್ಲಿ ಒಂದೇ ದಿನ ನಾಲ್ಕು ಹೊಡೆದವರಿರಲಿಲ್ಲ.

“ಏನಪ್ಪಾ, ಆ ಬೇಲಿ ಮೇಲೆ ಏನ್ ಕೋಪ ನಿಂಗೆ?” ಎಂದ ತಂಡದ ಯಜಮಾನ ವರ್ನನ್ ಪೋಟೀಟ್. ಅವನು ನೇಯ್ಗೆ ವಿಭಾಗದ ಮೇಸ್ತ್ರಿ.

“ನಾನ್ ಕಂಡ್ ಮಟ್ಟಿಗೆ, ಅದು ಸ್ವಲ್ಪ ಹತ್ರ ಇದೆ.”

ಮೊದಲನೇ ಬೇಸ್ ಕಾಯುತ್ತಿದ್ದ ಬೆಲ್‌ವುಡ್‌ನ ರೂಫಸ್ ಟೀಗ್ ಕೂಗಿದ: “ಹತ್ತಿ ತಾತಾ! ಓಡೋಕೆ ಉಸಿರಿದ್ಯಾ, ಊರುಗೋಲು ಕೊಡ್ಲಾ?”

ಕೊನೆಯ ಸರದಿ. ನಮ್ಮವರಿಬ್ಬರು ಔಟಾಗಿದ್ದರು, ಮೂರನೆಯವನೂ ಔಟಾದರೆ ಆಟ ಮುಗಿದಂತೆ. ಒಬ್ಬ ಎರಡನೇ ಬೇಸಿನಲ್ಲಿದ್ದ. ಬೆಲ್‌ವುಡ್ ಐದು, ನಾವು ನಾಲ್ಕು. ಲೆಡ್‌ಬೆಟರ್ ಹೊಡೆದ ಚೆಂಡು ಬೇಲಿ ದಾಟಿ, ಚರ್ಚಿನವರು ಊಟಕ್ಕೆ ಹಾಕಿದ್ದ ಮೇಜುಗಳನ್ನೂ ದಾಟಿ ಹೋಯಿತು. ಎರಡು ಓಟ, ಆರಕ್ಕೆ ಐದು, ಗೆಲುವು. ಜನ ಮೈದಾನಕ್ಕೆ ನುಗ್ಗಿದರು. ಗಿರಣಿಯ ಬ್ಯಾಂಡು ಶುರುವಾಯಿತು. ಪೋಟೀಟ್ ಅಳುತ್ತಿದ್ದ.

ಅಂಪೈರ್ ಕ್ರಾಫರ್ಡ್ ಮಾತ್ರ ಮೊದಲನೇ ಬೇಸಿನ ಪಕ್ಕದಲ್ಲಿ ಕೈಕಟ್ಟಿ, ನೆಲ ನೋಡುತ್ತ ನಿಂತಿದ್ದ. ಹದಿನಾಲ್ಕು ವರ್ಷದಿಂದ ಈ ಆಟದ ವರದಿ ಬರೆಯುತ್ತಿದ್ದ ನನಗೆ ಆಗಲೇ ಹೊಳೆಯಬೇಕಿತ್ತು. ಚೆಂಡು ಊರಾಚೆ ಹೋದರೂ ಓಡುವವನು ನಾಲ್ಕು ಬೇಸುಗಳನ್ನೂ ತುಳಿಯಲೇಬೇಕು. ತುಳಿಯದ್ದನ್ನು ಕಂಡ ಅಂಪೈರ್ ತಾನಾಗಿ ಬಾಯಿ ಬಿಡುವಂತಿಲ್ಲ, ಎದುರಾಳಿಗಳೇ ಚೆಂಡು ಹಿಡಿದು ಆ ಬೇಸ್ ಮೆಟ್ಟಿ ಕೇಳಬೇಕು. ಕೇಳದೆ ಅವರು ಮೈದಾನ ಬಿಟ್ಟರೆ ಮಾತು ಅಲ್ಲಿಗೆ ಮುಗಿಯಿತು. ಬೆಲ್‌ವುಡ್‌ನವರು ಆಗಲೇ ಬಸ್ಸಿನ ಕಡೆ ಹೊರಟಿದ್ದರು. ಬೇಸಿನ ಬಳಿ ಟೀಗ್ ಒಬ್ಬನೇ ಟೋಪಿಯಲ್ಲಿ ಮುಖ ಹುದುಗಿಸಿ ಕುಳಿತಿದ್ದ.

ಜನರ ಹೆಗಲ ಮೇಲಿದ್ದ ಲೆಡ್‌ಬೆಟರ್ ಕ್ರಾಫರ್ಡ್‌ನನ್ನು ನೋಡಿದ. ಬೇಸನ್ನು ನೋಡಿದ. ಕೊಸರಿಕೊಂಡು ಇಳಿದು ನೇರ ಟೀಗ್‌ನ ಬಳಿ ಹೋದ.

“ಏಳು ಟೀಗ್. ಚೆಂಡು ಕೇಳು.”

“ಗೆದ್ದಿದ್ದೀಯಲ್ಲ, ಹೋಗಯ್ಯಾ. ಹೊಟ್ಟೆ ಉರಿಸ್ಬೇಡ.”

“ನಾನು ತುಳೀಲಿಲ್ಲ.”

‘ನಾನು ಕಂಡ ಮಟ್ಟಿಗೆ’ ಇಲ್ಲದ ಅವನ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಟೀಗ್ ಬಾಯಿ ತೆರೆದುಕೊಂಡೇ ನೋಡಿದ. “ತಲೆ ಕೆಟ್ಟಿದ್ಯಾ ನಿಂಗೆ?” ಎಂದು ಅಂಪೈರನ ಕಡೆ ತಿರುಗಿದ. ಕ್ರಾಫರ್ಡ್ ಇನ್ನೂ ನೆಲವನ್ನೇ ನೋಡುತ್ತಿದ್ದ. ಆಮೇಲೆ ಟೀಗ್ ಎದ್ದು ಕೂಗಿ, ಚೆಂಡೆಸೆಯುವವನನ್ನು ಬಸ್ಸಿನ ಹತ್ತಿರದಿಂದ ಕರೆಸಿದ. ಹೊಸ ಚೆಂಡು ಬಂತು, ಟೀಗ್ ಅದನ್ನು ಹಿಡಿದು ಬೇಸ್ ಮೆಟ್ಟಿದ, ಕ್ರಾಫರ್ಡ್ ಹೆಬ್ಬೆರಳೆತ್ತಿದ. ಮೂರನೇ ಔಟ್, ಅದೂ ಮೊದಲನೇ ಬೇಸಿನಲ್ಲೇ. ಹೊಡೆದವನೇ ಮೊದಲನೇ ಬೇಸ್ ಮುಟ್ಟದೆ ಮೂರನೇ ಔಟಾದರೆ ಅವನ ಮುಂದೆ ಓಡಿದವನ ಓಟವೂ ಸಲ್ಲದು, ಎರಡು ಓಟಗಳೂ ಲೆಕ್ಕಕ್ಕಿಲ್ಲ. ಬೆಲ್‌ವುಡ್ ಐದು, ನಾವು ನಾಲ್ಕು.

ಬ್ಯಾಂಡಿನವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಕಿವಿ ಮಂದವಾದ ಡೋಲಿನವನೊಬ್ಬ ಮಾತ್ರ ಬಾರಿಸುತ್ತಲೇ ಇದ್ದ. ಯಾರೋ ಹೋಗಿ ಅವನ ಕೈ ಹಿಡಿದರು. ಸಾವಿರದಿನ್ನೂರು ಜನರಲ್ಲಿ ಒಬ್ಬರೂ ಬೈಯಲಿಲ್ಲ. ಬೈಯುವುದಕ್ಕೂ ಏನಾಯಿತೆಂದು ನಂಬಿಕೆಯಾಗಬೇಕಲ್ಲ.

“ಅಂಪೈರೇ ಬಾಯ್ ಮುಚ್ಕೊಂಡಿದ್ದ,” ಎಂದ ಪೋಟೀಟ್. “ನಿಂಗ್ಯಾಕೋ ಬೇಕಿತ್ತು?”

“ಅವ್ನು ಹೇಳೋ ಹಾಗಿರ್ಲಿಲ್ಲ, ವರ್ನನ್.”

ಐಡಾ ಬಂದು ಬ್ಯಾಟನ್ನು ಕೋಟಿನಲ್ಲಿ ಸುತ್ತತೊಡಗಿದಳು. ತಲೆ ಎತ್ತದೆ ಕೇಳಿದಳು: “ಆಗ್ಲೇ ವಾಪಸ್ ಓಡಿ ತುಳೀಬಹುದಿತ್ತಲ್ಲ?”

“ಕಾಲಿಗೆ ಗೊತ್ತಾಗಿತ್ತು. ತಲೆಗೆ ಗೊತ್ತಾಗಿದ್ದು ಕ್ರಾಫರ್ಡ್‌ನ ನೋಡಿದ್ಮೇಲೆ. ಚೆಂಡು ನೋಡ್ತಿದ್ದೆ, ಐಡಾ. ಒಂದ್ಸಲ ನೋಡ್ಬೇಕು ಅನ್ನಿಸ್ತು.”

ಅವಳ ಕೈ ಅರ್ಧ ಸುತ್ತಿಗೇ ನಿಂತಿತು. “ಚೆನ್ನಾಗಿ ಹೋಯ್ತಾ?”

“ಬಹಳ ದೂರ ಹೋಯ್ತು.”

ಹುಲ್ಲುಟೋಪಿಯವನನ್ನು ನಾನು ಕಾರಿನ ಹತ್ತಿರ ಹಿಡಿದೆ. “ಇಂಥ ಹೊಡೆತ ನಾನು ನೋಡಿಲ್ಲ ಸ್ವಾಮಿ,” ಎಂದ. “ಆದ್ರೆ ಗೆದ್ದ ಪಂದ್ಯ ಬಿಟ್ಕೊಡೋ ಮನುಷ್ಯನ್ನ ಕರ್ಕೊಂಡು ಹೋದ್ರೆ ನಮ್ಮ ಯಜಮಾನ್ರಿಗೆ ಏನಂತ ಹೇಳ್ಲಿ?” ಎಂದು ಕಾರು ಹತ್ತಿದ.

ಇಂಥವರನ್ನು ಪ್ರಾಮಾಣಿಕರೆಂದು ಕರೆದು ನಾವು ಕೈ ತೊಳೆದುಕೊಳ್ಳುತ್ತೇವೆ. ಅವರೊಡನೆ ಬಾಳುವವರ ಪಾಡು ಬೇರೆ. ಅವರಾಡಿದ ನಿಜಕ್ಕೆ ಉಳಿದ ಎಂಟು ಆಟಗಾರರೂ ಒಬ್ಬ ಹೆಂಡತಿಯೂ ಬೆಲೆ ತೆರುತ್ತಾರೆ, ಮತ್ತು ಬಾಯಿ ತೆರೆಯುವ ಮುನ್ನ ಇವರು ಅವರನ್ನು ಒಂದು ಮಾತು ಕೇಳುವುದಿಲ್ಲ. ಕೇಳುವವರಾಗಿದ್ದರೆ ಇಂಥವರೇ ಆಗಿರುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಆರಕ್ಕೆ ಲೆಡ್‌ಬೆಟರ್ ಹತ್ತಿ ಹಿಂಜುವ ಕೋಣೆಗೆ ಹೋದ. ಅವನೊಡನೆ ಮಾತು ಬಿಟ್ಟಿದ್ದ ಪೋಟೀಟ್, ಶನಿವಾರದ ಪಂದ್ಯದ ಪಟ್ಟಿಯಲ್ಲಿ ಅವನ ಹೆಸರನ್ನು ಯಾವಾಗಿನಂತೆ ನಾಲ್ಕನೆಯದಾಗಿ, ತಂಡದ ದೊಡ್ಡ ಹೊಡೆತಗಾರನ ಜಾಗದಲ್ಲೇ ಬರೆದ.