ಹಿಂದಕ್ಕೆ ನಡೆಯುತ್ತಿದ್ದ ಮಾವ

ನನ್ನ ಸೋದರಮಾವ ವರ್ಷಕ್ಕೊಮ್ಮೆ ಹಿಂದಕ್ಕೆ ನಡೆಯುತ್ತಿದ್ದರು. ಮನೆಯ ಮುಂದಿನ ಹುಲ್ಲುಹಾಸಿಗೆ ಕಳೆನಾಶಕ ಸಿಂಪಡಿಸುವ ದಿನ ಅದು. ಗೋಡೆಯ ಬುಡದಿಂದ ಆರಂಭಿಸಿ, ಗೇಟಿನ ಕಡೆಗೆ ಬೆನ್ನು ಮಾಡಿ, ಔಷಧಿಯಲ್ಲಿ ನೆನೆದ ಒಂದೆಸಳನ್ನೂ ತುಳಿಯದಂತೆ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿಯುತ್ತ, ಕೊನೆಗೆ ಗೇಟಿನ ಕಬ್ಬಿಣ ಬೆನ್ನಿಗೆ ತಗುಲಿದಾಗ ‘ಆಯ್ತು’ ಎಂದು ಗಾಳಿಗೇ ವರದಿ ಒಪ್ಪಿಸುವ ಆ ಗಂಭೀರ ನಡಿಗೆಯನ್ನು ನೋಡಲು ಎದುರುಮನೆಯವರು ಚಹಾದ ಲೋಟ ಹಿಡಿದು ಹೊರಗೆ ನಿಲ್ಲುತ್ತಿದ್ದರು. ರಜೆ ಇದ್ದರೆ ನಾನೂ ನಿಲ್ಲುತ್ತಿದ್ದೆ. ಈ ಬೀದಿಯಲ್ಲಿ ಎಲ್ಲರೂ ಹೆದರಬೇಕಾದ ಮನುಷ್ಯ ಇವರೇ ಎಂದು ಆಗ ಯಾರಾದರೂ ಹೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಈಗ ನಗು ಬರುವುದಿಲ್ಲ.

ಮಾವನದು ಬೀದಿಯ ತಿರುವಿನಲ್ಲಿ ಔಷಧಿ ಅಂಗಡಿ. ಕತ್ತುಪಟ್ಟಿ ಸವೆದ ಬಿಳಿ ಕೋಟು ತೊಟ್ಟು, ಗಾಜಿನ ಕಪಾಟುಗಳ ನಡುವಿನ ಆ ಇಕ್ಕಟ್ಟಿನಲ್ಲಿ ಆಯುಷ್ಯದ ಬಹುಭಾಗವನ್ನು ನಿಂತೇ ಕಳೆದವರು. ಬೀದಿಯ ಜನ ಅವರಿಗಿಟ್ಟ ಹೆಸರು ‘ಲೇಬಲ್ ಮಾವ’. ಕೆಮ್ಮಿನ ಸಿರಪ್ಪಾಗಲಿ ಬೂಟಿನ ಪಾಲಿಶ್ ಆಗಲಿ, ಓದದೆ ಮುಟ್ಟರು, ಯಾರನ್ನೂ ಮುಟ್ಟಗೊಡರು. ಸೀಸೆಯನ್ನು ಹಣೆಯೆತ್ತರಕ್ಕೆ ಹಿಡಿದು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಗಂಟಲು ಸರಿಮಾಡಿಕೊಂಡು, ಆದ್ಯಂತ ಗಟ್ಟಿಯಾಗಿ ಓದಿದ ಮೇಲೆಯೇ ಮುಚ್ಚಳ ತಿರುಗಬೇಕು. ಇತ್ತೀಚೆಗಂತೂ ವೈದ್ಯರ ಚೀಟಿಯನ್ನು ಗಿರಾಕಿಗಳಿಂದಲೇ ಓದಿಸತೊಡಗಿದ್ದರು. ತಾವು ನುಂಗುವುದು ಏನೆಂದು ನುಂಗುವವರಿಗೂ ಗೊತ್ತಿರಲಿ ಎಂಬುದು ಅವರ ವಾದ. ಎಂಥ ತತ್ತ್ವನಿಷ್ಠೆ ಎಂದು ನಾವೆಲ್ಲ ತಲೆದೂಗಿದೆವು. ಚೀಟಿ ಓದಿ ಮುಗಿಯುವಷ್ಟರಲ್ಲಿ ಅವರ ಕೈ ತಂತಾನೇ ಯಾವುದೋ ಗೂಡಿಗೆ ಹೋಗಿ ಮಾತ್ರೆಯ ಪಟ್ಟಿಯೊಂದಿಗೆ ಹಿಂತಿರುಗಿರುತ್ತಿತ್ತು. ತನ್ನ ತಮ್ಮನ ಬೆರಳಿಗೇ ಕಣ್ಣಿದೆ ಎಂದು ನನ್ನ ಅಮ್ಮ ಬಂದವರಿಗೆಲ್ಲ ಹೇಳಿಕೊಂಡು ಹಿಗ್ಗುತ್ತಿದ್ದಳು.

ಹುಲ್ಲುಹಾಸು ಅವರ ಏಕೈಕ ಐಷಾರಾಮ. ಕಳೆ ಕಂಡರೆ ಮೊದಲು ಕೈಯಿಂದಲೇ ಬೇರುಸಹಿತ ಕೀಳುವುದು. ಕೈಮೀರಿದರೆ ಮಾತ್ರ ಔಷಧಿ, ಅದೂ ಕಳೆ ಇದ್ದಲ್ಲಿಗಷ್ಟೇ. ಮೂಗಿಗೆ ನೆಗಡಿಯಾದರೆ ಕಾಲಿಗೇಕೆ ಮುಲಾಮು ಎಂದು ಕೇಳುತ್ತಿದ್ದರು. ಗಾಳಿಯಾಡದ, ಮಳೆಯ ಸುಳಿವಿಲ್ಲದ ಬೆಳಗಿಗಾಗಿ ದಿನಗಟ್ಟಲೆ ಕಾಯುವರು. ಒಣಹುಲ್ಲಿನ ಪುಡಿಯನ್ನು ಬೆರಳ ತುದಿಯಿಂದ ಉದುರಿಸಿ, ಅದು ನೆಟ್ಟಗೆ ನೆಲಕ್ಕಿಳಿದರೆ ಮಾತ್ರ ಉದ್ದ ತೋಳಿನ ಹಳೆಯ ಕೋಟು, ರಬ್ಬರಿನ ಕೈಗವಸು, ಬೂಟು, ಅಳತೆಯ ಲೋಟ ಒಂದೊಂದಾಗಿ ಹೊರಬರುವವು. ಸಿಂಪಡಿಸುವ ಡಬ್ಬಿಯ ಹೊಟ್ಟೆಗೆ ಕೆಂಪು ಪಟ್ಟಿ ಬಳಿದಿದ್ದರು. ಅದು ಗುಲಾಬಿಯ ಹತ್ತಿರ ಸುಳಿಯುವಂತಿರಲಿಲ್ಲ. ಎಲ್ಲ ಮುಗಿದ ಮೇಲೆ ಹಾಸಿನ ಸುತ್ತ ಹಗ್ಗ ಕಟ್ಟುವರು, ಒಣಗುವವರೆಗೆ ಮಕ್ಕಳಿಗೆ, ಬೆಕ್ಕಿಗೆ, ಕೊನೆಗೆ ನಮ್ಮ ಅತ್ತೆಗೂ ಪ್ರವೇಶವಿಲ್ಲ.

ಒಮ್ಮೆ ನಾನು, ಇದು ಕಳೆಯನ್ನು ಕೊಂದು ಹುಲ್ಲನ್ನು ಹೇಗೆ ಬಿಡುತ್ತದೆ ಎಂದು ಕೇಳಿದ್ದೆ. “ಇದಕ್ಕೆ ವಿವೇಕ ಇದೆ ಕಣೋ. ಅಗಲ ಎಲೆಯದ್ದನ್ನ ಹಿಡಿಯುತ್ತೆ, ಸಣ್ಣ ಎಸಳಿನ ಹುಲ್ಲನ್ನ ಬಿಡುತ್ತೆ. ಹಾಗಂತ ಎಲ್ಲಾ ಬಾಟ್ಲಿಗೂ ಅದು ಇರಲ್ಲ. ಓದಿ ನೋಡಿಯೇ ತೆಗೀಬೇಕು” ಎಂದಿದ್ದರು.

ಅವರು ಕೊನೆಯ ಸಲ ಹಿಂದಕ್ಕೆ ನಡೆದ ವರ್ಷ ಮಳೆ ಜಾಸ್ತಿಯಾಗಿ ಕಳೆ ಹಾಸನ್ನೆಲ್ಲ ಆಕ್ರಮಿಸಿತ್ತು. ಇಡೀ ಹಾಸಿಗೇ ಸಿಂಪಡಿಸದೆ ಗತ್ಯಂತರವಿರಲಿಲ್ಲ. ಮಾವ ಬೀಜ-ಗೊಬ್ಬರದ ಅಂಗಡಿಯಿಂದ ಹೊಸ ಬಾಟಲಿ ತಂದು, ಜಗಲಿಯ ಮೆಟ್ಟಿಲ ಮೇಲೆ ಕುಳಿತಿದ್ದ ನನ್ನೆದುರಿಗೇ ಓದಿದರು: ಹುಲ್ಲುಹಾಸಿಗೆ ಯೋಗ್ಯ, ಅಗಲ ಎಲೆಯ ಕಳೆಗಳಿಗೆ ಮಾತ್ರ, ಮಕ್ಕಳಿಂದ ದೂರವಿಡಿ. ಪ್ರತಿವರ್ಷದ ಅದೇ ರಾಗ, ಅದೇ ನಿಲುಗಡೆ. ನಾನೂ ದನಿಗೂಡಿಸಬಹುದಿತ್ತು. ಮಾವ ಹಿಂದಕ್ಕೆ ನಡೆದರು, ಬೆನ್ನಿಗೆ ಗೇಟು ತಗುಲಿತು, ‘ಆಯ್ತು’ ಎಂದರು.

ಮುಂದಿನ ವಾರಗಳಲ್ಲಿ ಹಾಸು ಹಳದಿಗೆ ತಿರುಗಿ, ಆಮೇಲೆ ಕಂದಾಗಿ, ಕೊನೆಗೆ ಗೋಣಿಚೀಲ ಹರಡಿದಂತೆ ಬಿದ್ದುಕೊಂಡಿತು. ಕಳೆಯೂ ಸತ್ತಿತ್ತು, ಹುಲ್ಲೂ ಸತ್ತಿತ್ತು. ಮಾವ ಮಾತ್ರ ಬಣ್ಣ ಕೊಂಚ ಮಂಕಾಗಿದೆ, ನೀರು ಸಾಲದು ಎನ್ನುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಬೀಗದ ಕಪಾಟಿನಿಂದ ಬಾಟಲಿ ತೆಗೆದು ನೋಡಿದೆ. ಅದೇ ಆಕಾರ, ಅದೇ ಹಸಿರು ಮುಚ್ಚಳ. ಆದರೆ ಲೇಬಲ್ಲಿನ ಮೇಲೆ ಬೇರೆಯೇ ಮಾತು ಅಚ್ಚಾಗಿತ್ತು. ಹಸಿರಾದ ಎಲ್ಲ ಸಸ್ಯಗಳನ್ನೂ ನಾಶಮಾಡುತ್ತದೆ, ಹುಲ್ಲುಹಾಸಿನ ಮೇಲೆ ಬಳಸಬಾರದು. ಇದೇ ಬಾಟಲಿಯನ್ನು ಅವರು ಓದಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೆನಲ್ಲ.

ಜಗಲಿಯಲ್ಲಿದ್ದ ಮಾವನ ಕೈಗೆ ಬಾಟಲಿ ಕೊಟ್ಟು, ಇನ್ನೊಂದು ಸಲ ಓದಿ ಎಂದೆ. ಅವರಿಗೆ ಸಂತೋಷವೇ ಆಯಿತು. ಹಣೆಯೆತ್ತರಕ್ಕೆ ಹಿಡಿದರು, ಕನ್ನಡಕ ಇಳಿಸಿದರು, ಗಂಟಲು ಸರಿಮಾಡಿಕೊಂಡು ನಿರರ್ಗಳವಾಗಿ ಓದಿದರು: ಹುಲ್ಲುಹಾಸಿಗೆ ಯೋಗ್ಯ, ಅಗಲ ಎಲೆಯ ಕಳೆಗಳಿಗೆ ಮಾತ್ರ. ಲೇಬಲ್ ನನ್ನ ಕಡೆಗಿತ್ತು. ಅವರ ಕಣ್ಣೆದುರಿಗಿದ್ದದ್ದು ಬರಿಯ ಬಿಳಿ ಪ್ಲಾಸ್ಟಿಕ್ಕು.

ಬಾಗಿಲಲ್ಲಿದ್ದ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಎಷ್ಟೋ ತಿಂಗಳಿಂದ ಪೇಪರನ್ನು ನಾನೇ ಓದಿ ಹೇಳುತ್ತಿದ್ದೇನೆ, ಕನ್ನಡಕದ ಪವರ್ ಬದಲಾಗಿದೆ ಅಷ್ಟೇ ಎಂದು ಇವರು ಹೇಳಿದ್ದನ್ನು ನಂಬಿದ್ದೆ ಎಂದು ಆಮೇಲೆ ಅತ್ತರು. ಆ ಗಳಿಗೆಯಲ್ಲಿ ನನಗೆ ತೋಚಿದ್ದು ಒಂದೇ. ಅವರ ಕೈಯಲ್ಲಿದ್ದ ಬಾಟಲಿಯನ್ನು ಮೆಲ್ಲಗೆ ತಿರುಗಿಸಿದೆ.

“ಅಕ್ಷರ ಈ ಕಡೆ ಇದೆ, ಮಾವ.”

ಅವರು ಬೆರಳಿನಿಂದ ಲೇಬಲ್ಲಿನ ಅಂಚನ್ನು ತಡವಿದರು. ಹುಲ್ಲಿಗಾಗಿ ಹಲುಬುತ್ತಾರೆ ಎಂದುಕೊಂಡೆ. ಅವರು ಹುಲ್ಲಿನ ಕಡೆ ತಿರುಗಲೂ ಇಲ್ಲ.

“ನಿನ್ನೆ ಅಕ್ಕನಿಗೆ ಯಾವ ಮಾತ್ರೆ ಕೊಟ್ಟೆ ನಾನು?”

ಆ ಪ್ರಶ್ನೆ ನನ್ನ ತಲೆಗೆ ಬಂದೇ ಇರಲಿಲ್ಲ. ಮಾವ ಮೆಟ್ಟಿಲಿಳಿದು, ಜೀವಮಾನದಲ್ಲಿ ಮೊದಲ ಸಲ, ಸತ್ತ ಹುಲ್ಲನ್ನು ತುಳಿದುಕೊಂಡೇ ಗೇಟಿನತ್ತ ಮುಂದಕ್ಕೆ ಓಡಿದರು. ನಮ್ಮ ಮನೆ ಹಿಂದಿನ ಬೀದಿಯಲ್ಲಿ. ಅವರ ಹಿಂದೆಯೇ ಓಡಿ ಅಲ್ಲಿ ಮುಟ್ಟುವಷ್ಟರಲ್ಲಿ ನನಗೇ ಏದುಸಿರು. ಅಮ್ಮ ಏನೂ ಅರಿಯದೆ ಮಾತ್ರೆಯ ಪಟ್ಟಿ ತಂದುಕೊಟ್ಟಳು. ನಾನು ಎರಡೆರಡು ಸಲ ಓದಿದೆ. ಸರಿಯಾಗಿತ್ತು. ಆ ಸರಿಯೇ ನನ್ನನ್ನು ಇನ್ನಷ್ಟು ಹೆದರಿಸಿತು, ಏಕೆಂದರೆ ಅದು ಬರಿಯ ಅದೃಷ್ಟ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಅಂದೆಲ್ಲ ಅಂಗಡಿಯ ಬಾಗಿಲನ್ನು ಅರ್ಧ ಇಳಿಸಿ, ಮಾವ ನನ್ನಿಂದ ನಂಬರು ಒತ್ತಿಸಿ ಒಬ್ಬೊಬ್ಬರಿಗೇ ಫೋನು ಮಾಡಿ, ವೈದ್ಯರ ಚೀಟಿಯನ್ನೂ ಕೊಟ್ಟ ಮಾತ್ರೆಯ ಹೆಸರನ್ನೂ ಓದಿ ಹೇಳಿ ಎಂದು ಅಂಗಲಾಚಿದರು. ಎಲ್ಲರೂ ಓದಿದರು, ಬೇಸತ್ತು ಓದಿದರು, ನಗುತ್ತ ಓದಿದರು. ಒಬ್ಬ ನಿವೃತ್ತ ಉಪಾಧ್ಯಾಯರ ಮನೆಯಲ್ಲಿ ಮಾತ್ರ ಹೃದಯದ ಮಾತ್ರೆ ದುಪ್ಪಟ್ಟು ಬಲದ್ದಾಗಿತ್ತು. ಹಳೆಯದು ಮುಗಿಯದೆ ಹೊಸದನ್ನು ಬಿಡಿಸದ ಮಿತವ್ಯಯಿ ಅವರು. ಪಟ್ಟಿ ಇನ್ನೂ ಹಾಗೇ ಇತ್ತು. ಮಾವ ಫೋನು ಕೆಳಗಿಟ್ಟು ಕೋಟು ಬಿಚ್ಚಿ ಮಡಚಿದರು. ಬೀಗದ ಕೈಯನ್ನು ಅತ್ತೆಗೆ ಒಪ್ಪಿಸಿದರು. ನೋಟದ ನಡುಭಾಗವೇ ಹೋಗಿದೆ, ಇನ್ನು ಮರಳದು ಎಂದು ಕಣ್ಣಿನ ವೈದ್ಯರು ಹೇಳಿದ್ದು ಆಮೇಲೆ.

ನಿಮಗೆ ಗೊತ್ತಿತ್ತೇ ಎಂದು ಒಂದು ದಿನ ಕೇಳಿಯೇಬಿಟ್ಟೆ.

“ಗೊತ್ತಿರ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಗೊತ್ತಿತ್ತು ಅಂದ್ರೂ ಪೂರ್ತಿ ನಿಜ ಅಲ್ಲ” ಎಂದರು. “ಬಾಯಿ ಓದ್ತಾ ಇತ್ತು. ಕಣ್ಣೂ ಓದ್ತಿದೆ ಅಂದ್ಕೊಂಡೆ.”

ಈಗ ಹೊಸ ಹುಲ್ಲು ಬಂದಿದೆ. ಕೆಂಪು ಪಟ್ಟಿಯ ಡಬ್ಬಿ ಮನೆಯಲ್ಲಿಲ್ಲ. ಮಾವ ಬೆಳಗಿನ ಹೊತ್ತು ಹಾಸಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಅಂಗೈಯನ್ನು ಮೆಲ್ಲಗೆ ಸವರುತ್ತ, ಸಣ್ಣ ಎಸಳು ಸಿಕ್ಕರೆ ಬಿಟ್ಟು, ಅಗಲ ಎಲೆ ಸಿಕ್ಕರೆ ಬೇರುಸಹಿತ ಕಿತ್ತು, ಅಂಗುಲಂಗುಲವಾಗಿ ಮುಂದಕ್ಕೆ ಸರಿಯುತ್ತಾರೆ. ನಾನು ಹೋದರೆ, ಬುಟ್ಟಿಯಲ್ಲಿ ಹುಲ್ಲೇನಾದರೂ ಬಿದ್ದಿದೆಯೇ ನೋಡಿ ಹೇಳು ಎನ್ನುತ್ತಾರೆ. ಈಗ ನಾನು ನಿಜವಾಗಿಯೂ ನೋಡಿ ಹೇಳುತ್ತೇನೆ.

ಲೋಕದಲ್ಲಿ ಇಂಥ ಜಾಗರೂಕರ ಕುಲವೊಂದಿದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಮ್ಮನ್ನೆಲ್ಲ ಕಾಯುವವರು. ಎಡವುವವರ ಹಿಂದೆ ಹತ್ತು ಕಣ್ಣುಗಳಿರುತ್ತವೆ; ಎಂದೂ ಎಡವದವರನ್ನು ಯಾರೂ ಕಾಯುವುದಿಲ್ಲ, ಅವರ ಎಚ್ಚರ ಯಾವಾಗ ಬರಿಯ ಅಭ್ಯಾಸವಾಯಿತೆಂದು ಅವರಿಗೂ ತಿಳಿಯುವುದಿಲ್ಲ. ಅವರು ಹಿಂದಕ್ಕೆ ನಡೆದು ಬರುವಾಗ ಬೆನ್ನ ಹಿಂದೆ ಏನಿದೆಯೆಂದು ಹೇಳಬೇಕಾದವರು ನಾವು. ನಾವೋ, ಚಹಾ ಕುಡಿಯುತ್ತ ಅವರ ನಡಿಗೆಯನ್ನು ಮೆಚ್ಚುತ್ತ ನಿಂತಿದ್ದೆವು.