ದುಭಾಷಿ ಕಾಯುತ್ತಿದ್ದಾಳೆ

ನ್ಯೂ ಮೆಕ್ಸಿಕೊದ ಕೇಂದ್ರ ನ್ಯಾಯಾಲಯದಲ್ಲಿ ನಾನು ಇಪ್ಪತ್ತೆರಡು ವರ್ಷ ನಮ್ಮ ಬುಡಕಟ್ಟಿನ ನವಾಹೊ ಮಾತಿಗೆ ದುಭಾಷಿಯಾಗಿದ್ದೆ. ಅಲ್ಲಿ ನಡೆದ ದೊಡ್ಡ ಮೊಕದ್ದಮೆ ಯಾವುದು ಅಂತ ಪತ್ರಿಕೆಯವರನ್ನು ಕೇಳಿದರೆ ಯುರೇನಿಯಂ ಗಣಿ ಕೆಲಸಗಾರರ ವಿಧವೆಯರದ್ದು ಅನ್ನುತ್ತಾರೆ, ಇಲ್ಲವೇ ನದಿ ನೀರಿನದ್ದು. ಎರಡರಲ್ಲೂ ನಾನಿದ್ದೆ. ಎರಡಕ್ಕೂ ಕಾನೂನಿನ ಪುಸ್ತಕದಲ್ಲಿ ಜಾಗ ಸಿಕ್ಕಿದೆ. ನನ್ನನ್ನು ಕೇಳಿದರೆ ಮಾತ್ರ ಕೀ ಬಿಟ್ಸಿಲ್ಲಿಯದ್ದೇ ದೊಡ್ಡದು. ಪತ್ರಿಕೆಯಲ್ಲಿ ಅದಕ್ಕೆ ನಾಲ್ಕು ಸಾಲು ಕೊಟ್ಟಿದ್ದರು, ಅದರಲ್ಲೂ ಹೆಸರು ತಪ್ಪು.

ಕೀ ಬಿಟ್ಸಿಲ್ಲಿಗೆ ಆಗ ಎಪ್ಪತ್ಮೂರು. ಕುರಿ ಮೇಯಿಸುವ ಮನುಷ್ಯ. ಇಂಗ್ಲಿಷ್ ಅಂದರೆ ‘ಕಾಫಿ’ ಅನ್ನುವಷ್ಟು ಬರುತ್ತಿತ್ತು. ಪಕ್ಕದ ಡೆಸ್ಬಾ ಎಟ್ಸಿಟ್ಟಿಯ ಕುರಿ ಕೊಟ್ಟಿಗೆಗೆ ಒಂದು ಸಂಜೆ ಬೆಂಕಿ ಬಿತ್ತು, ಹದಿಮೂರು ಕುರಿ ಸತ್ತವು. ಹುಲ್ಲುಗಾವಲಿನ ಗಡಿಗಾಗಿ ಇಬ್ಬರಿಗೂ ಹಳೆಯ ಜಗಳವಿತ್ತು. ಸಾಲದ್ದಕ್ಕೆ ಕೀಯವರ ಎರಡೂ ಅಂಗೈ ಸುಟ್ಟಿದ್ದವು. ತನಿಖಾಧಿಕಾರಿ ಬಂದ. ನಮ್ಮ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಪಟ್ಟಣದಿಂದ ಒಬ್ಬನನ್ನು ಹಿಡಿದು ತಂದಿದ್ದ. ಅವನೂ ನಮ್ಮವನೇ, ಆದರೆ ನಮ್ಮ ಮಾತು ಅವನಿಗೆ ಕುರಿ ಮಾಂಸ ಕೊಳ್ಳುವಷ್ಟು ಮಾತ್ರ ಉಳಿದಿತ್ತು. ಎಲ್ಲವನ್ನೂ ಟೇಪಿನಲ್ಲಿ ಹಿಡಿದು, ‘ಬೆಂಕಿ ಹಚ್ಚಿದ್ದು ನೀವೇನಾ? ಹೌದು’ ಅಂತ ಟೈಪ್ ಮಾಡಿಸಿದರು. ಐದು ವರ್ಷ ಜೈಲು ಕಾದಿತ್ತು. ಆ ವಯಸ್ಸಿನವರಿಗೆ ಐದು ವರ್ಷ ಅಂದರೆ ಗೋಡೆಯೊಳಗೇ ಸಾಯುವುದು ಅಂತಲೇ ಅರ್ಥ.

ಮೊದಲ ದಿನ ನ್ಯಾಯಾಧೀಶ ಹ್ಯಾಲಕ್ ನನ್ನನ್ನು ಕೇಳಿದರು, “ಆರೋಪಿಗೂ ನಿಮಗೂ ಏನಾದ್ರೂ ಸಂಬಂಧ ಇದೆಯಾ?”

“ಕುಲದ ಪ್ರಕಾರ ನನಗೆ ಅಜ್ಜ ಆಗ್ಬೇಕು, ಮಹಾಸ್ವಾಮಿ.”

ಸರ್ಕಾರಿ ವಕೀಲ ಡಫ್ಫಿ ಕುರ್ಚಿಯಿಂದ ಎಗರಿ ಎದ್ದ. “ಇವರನ್ನ ಬದಲಾಯಿಸ್ಬೇಕು!”

“ಧಾರಾಳವಾಗಿ ಬದಲಾಯಿಸಿ,” ಅಂದೆ. “ ಮುಂದೆ ಬರೋರಿಗೆ ಚಿಕ್ಕಪ್ಪ ಆಗ್ತಾರೆ, ಅವರ ನಂತರದೋರಿಗೆ ಮೊಮ್ಮಗ ಆದ್ರೂ ಆಗ್ಬಹುದು. ನಮ್ಮಲ್ಲಿ ಯಾರಿಗೂ ಏನೂ ಆಗದೋರು ಬೇಕಂದ್ರೆ ಹುಟ್ಟಿಸ್ಕೊಂಡೇ ತರ್ಬೇಕು.”

ಹ್ಯಾಲಕ್ ನಗು ನುಂಗಿಕೊಂಡು, “ಪ್ರಮಾಣ ಮಾಡಿ,” ಅಂದರು.

ಆ ಪ್ರಮಾಣ ಮಾಡಿದ ಮೇಲೆ ದುಭಾಷಿಗೆ ‘ನಾನು’ ಅನ್ನುವುದೇ ಇಲ್ಲ. ಸಾಕ್ಷಿಯ ‘ನಾನು’ ನನ್ನ ಬಾಯಲ್ಲೂ ‘ನಾನು’. ನನ್ನ ಬಗ್ಗೆ ಹೇಳಲೇಬೇಕಾದರೆ ‘ದುಭಾಷಿ’ ಅನ್ನಬೇಕು. ಒಂದು ಮಾತು ಸೇರಿಸುವ ಹಾಗಿಲ್ಲ, ಒಂದು ಮಾತು ಬಿಡುವ ಹಾಗಿಲ್ಲ. “ಬಾಯಿ ಬಾಡಿಗೆಗೆ ಕೊಟ್ಟಿದ್ದೀಯ ಸರಿ, ಬುದ್ಧೀನೂ ಜೊತೆಗೆ ಕೊಟ್ಯಾ?” ಅಂತ ನನ್ನ ಚಿಕ್ಕಮ್ಮ ಕುಟುಕುತ್ತಿದ್ದಳು.

ಎರಡನೇ ದಿನ ಟೇಪು ಹಾಕಿದರು. ಕೇಳುತ್ತ ಕೇಳುತ್ತ ನನಗೆ ಮೈಯೆಲ್ಲ ಉರಿದುಹೋಯಿತು. ಕೀಯವರ ‘ಆಓ’ ಪ್ರಶ್ನೆ ಮುಗಿಯುವ ಮೊದಲೇ ಬರುತ್ತಿತ್ತು! ನಮ್ಮ ‘ಆಓ’ಗೆ ಹೌದು ಅಂತ ಅರ್ಥವಿದೆ, ನಿಜ. ಆದರೆ ಕತೆ ಕೇಳುವವರು ಹೂಂಗುಟ್ಟುವುದೂ ಅದೇ ‘ಆಓ’. ಹಿರಿಯರು ಹೂಂಗುಟ್ಟುತ್ತ ಪ್ರಶ್ನೆಯನ್ನು ಪೂರ್ತಿ ಕೇಳುತ್ತಾರೆ, ಆಮೇಲೆ ಸುಮ್ಮನಿದ್ದು ತೂಗಿ ನೋಡುತ್ತಾರೆ, ಆಮೇಲಷ್ಟೇ ಉತ್ತರ. ಆ ಮೌನದ ನಡುವೆ ಬಾಯಿ ಹಾಕಿದರೆ ನಮ್ಮ ಮನೆಯಲ್ಲಿ ಏಟು ಬೀಳುತ್ತಿತ್ತು. ತನಿಖಾಧಿಕಾರಿ ಮಾತ್ರ ‘ಒಳ್ಳೇದು’ ಅಂದು ಟೇಪು ನಿಲ್ಲಿಸಿದ್ದ.

ಕೀ ತಮ್ಮ ವಕೀಲನಿಗೆ ತಾವು ಮಾಡಿಲ್ಲ ಅಂತಲೇ ಹೇಳಿದ್ದರು. ಆದರೆ ಟೇಪಿನ ‘ಹೌದು’ ಮುಂದೆ ಅದು ಯಾರ ಕಿವಿಗೆ ಹೋದೀತು? ನನ್ನನ್ನಂತೂ ಯಾರೂ ಕೇಳಲಿಲ್ಲ. ಕೇಳದೆ ಬಾಯಿ ಬಿಟ್ಟರೆ ಪ್ರಮಾಣ ಮುರಿದ ಹಾಗೆ. ಹಲ್ಲು ಕಚ್ಚಿಕೊಂಡು ಕೂತೆ.

ಮೂರನೇ ದಿನ ಕೀ ಸಾಕ್ಷಿ ಕಟ್ಟೆ ಹತ್ತಿದರು. ಡಫ್ಫಿ ಎದುರಿಗೆ ನಿಂತು ಉದ್ದನೆಯ ಪ್ರಶ್ನೆ ಹಾಕಿದ, “ಆ ಸಂಜೆ, ಕುರಿಗಳು ಒಳಗಿವೆ ಅಂತ ಗೊತ್ತಿದ್ದೂ, ಹಳೇ ಸಿಟ್ಟಿನಿಂದ, ಡೆಸ್ಬಾ ಎಟ್ಸಿಟ್ಟಿಯವರ ಕೊಟ್ಟಿಗೆಗೆ ನೀವೇ ಬೆಂಕಿ ಹಚ್ಚಿದ್ರಿ, ಅಲ್ವಾ?”

ನಾನು ನಮ್ಮ ಮಾತಿಗೆ ತಿರುಗಿಸುತ್ತ ಹೋದೆ. ಕೀ ನೆಲ ನೋಡುತ್ತ “ಆಓ… ಆಓ…” ಅನ್ನುತ್ತಿದ್ದರು. ನನ್ನ ಮಾತು ಮುಗಿಯುವಾಗ ಇನ್ನೊಂದು “ಆಓ” ಬಿತ್ತು.

ಅಷ್ಟು ಹೊತ್ತಿಗೆ ಡಫ್ಫಿಗೆ ಆ ಒಂದು ಶಬ್ದ ಬಾಯಿಪಾಠವಾಗಿತ್ತು. “ಕೇಳಿದ್ರಲ್ಲ! ಹೌದು ಅಂದ್ರು. ನನ್ನ ಪ್ರಶ್ನೆ ಮುಗೀತು,” ಅಂದು ಕೂತೇಬಿಟ್ಟ. ಜನರ ಸಾಲಿನಲ್ಲಿದ್ದ ಡೆಸ್ಬಾ ತಲೆವಸ್ತ್ರದಿಂದ ಮುಖ ಮುಚ್ಚಿಕೊಂಡಳು.

“ದುಭಾಷಿ, ಉತ್ತರ ಏನು?” ಹ್ಯಾಲಕ್ ಕೇಳಿದರು. ಜ್ಯೂರಿಯ ಹನ್ನೆರಡೂ ಜನ ನನ್ನ ಬಾಯಿ ನೋಡುತ್ತಿದ್ದರು.

ಎದ್ದು ನಿಂತೆ. “ದುಭಾಷಿ ಕಾಯುತ್ತಿದ್ದಾಳೆ, ಮಹಾಸ್ವಾಮಿ. ಸಾಕ್ಷಿ ಇನ್ನೂ ಉತ್ತರ ಕೊಟ್ಟಿಲ್ಲ.”

“ಆಕ್ಷೇಪಣೆ ಇದೆ! ಆ ಶಬ್ದ ನಿಘಂಟಿನಲ್ಲೇ ಇದೆ!”

“ದುಭಾಷಿಗೂ ನಿಘಂಟು ಗೊತ್ತು. ಪ್ರಶ್ನೆ ನಡೀತಿರೋವಾಗ ಅಂದ್ರೆ ಅದಕ್ಕೆ ಕೇಳಿಸ್ಕೊಳ್ತಿದ್ದೀನಿ ಅಂತ ಅರ್ಥ. ಉತ್ತರ ಇನ್ನು ಬರ್ಬೇಕು.”

“ಯಾವಾಗ ಬರುತ್ತೆ?” ಡಫ್ಫಿ ಹಂಗಿಸಿದ.

“ಅವರು ತೂಗಿ ನೋಡಿದ ಮೇಲೆ.”

ಹ್ಯಾಲಕ್ ಪೆನ್ನು ಕೆಳಗಿಟ್ಟರು. “ಹಾಗಾದ್ರೆ ಕಾಯೋಣ.”

ಕಾದೆವು. ಗೋಡೆ ಗಡಿಯಾರದ ಸದ್ದು ಕೇಳುವಷ್ಟು ಕಾದೆವು. ಯಾರೋ ಕೆಮ್ಮಿದರು. ಡಫ್ಫಿ ಬೂಟು ಅಲುಗಿಸತೊಡಗಿದ್ದ. ಕೀ ಏನೂ ಹೇಳದಿದ್ದರೆ ಅವರನ್ನು ಮುಳುಗಿಸಿದವಳು ನಾನೇ. ಕಡೆಗೆ ಅವರು ತಲೆ ಎತ್ತಿ, ನಿಧಾನವಾಗಿ ಮಾತಾಡಿದರು. ನಾನು ತಿರುಗಿಸಿದೆ.

“ಇಲ್ಲ. ನಾನು ಹಚ್ಚಿಲ್ಲ. ಹೊಗೆ ಕಂಡು ಆ ಕಡೆ ಓಡಿದೆ. ಬಾಗಿಲ ಕಬ್ಬಿಣ ಕಾದು ಕೆಂಡ ಆಗಿತ್ತು, ಬರೀ ಕೈಯಲ್ಲೇ ಎಳೆದೆ. ಆ ಅಧಿಕಾರಿಗೂ ಇದನ್ನೇ ಹೇಳೋಕೆ ಬಾಯಿ ತೆಗೆದಿದ್ದೆ. ‘ಒಳ್ಳೇದು’ ಅಂದು ಪೆಟ್ಟಿಗೆ ಮುಚ್ಕೊಂಡು ಹೊರಟ. ಪಾಪ, ಉಚ್ಚೆಗೆ ಅವಸರ ಆಗಿತ್ತೋ ಏನೋ.”

ಕೊನೆಯದನ್ನೂ ಹೇಳಿದೆ, ಬಿಡುವ ಹಾಗಿಲ್ಲವಲ್ಲ. ಜ್ಯೂರಿ ಗೊಳ್ಳೆಂದಿತು.

ಹ್ಯಾಲಕ್ ಟೇಪನ್ನು ಮತ್ತೆ ಹಾಕಿಸಿದರು. ಒಂದೇ ಪ್ರಶ್ನೆಯೊಳಗೆ ಆರು ‘ಆಓ’ಗಳು, ಈ ಸಲ ಎಲ್ಲರಿಗೂ ಕೇಳಿಸಿದವು. ಕೊನೆಯದಾದ ಮೇಲೆ, ಟೇಪು ನಿಲ್ಲುವ ಮುಂಚೆ, ಮಾತಾಡಲು ಹೊರಟ ಮನುಷ್ಯ ಉಸಿರೆಳೆದುಕೊಂಡದ್ದೂ ಕೇಳಿಸಿತು. ನಡಾವಳಿ ಬರೆಯುವ ಹೆಂಗಸು ಆ ಶಬ್ದವನ್ನು ಹೇಗೆ ಬರೆಯಬೇಕು ಅಂತ ಕೇಳಿದಳು. ಅಕ್ಷರ ಅಕ್ಷರವಾಗಿ ಹೇಳಿದೆ. ಇದೇ ಮಾತಾಡಿದ್ದಕ್ಕೆ ನನ್ನ ಅಮ್ಮನ ಬಾಯಿಗೆ ಸರ್ಕಾರದ ಹಾಸ್ಟೆಲ್ ಶಾಲೆಯಲ್ಲಿ ಸಾಬೂನು ತುರುಕಿದ್ದರು. ಇವತ್ತು ಸರ್ಕಾರ ನನ್ನೆದುರು ಕೂತು ಅದನ್ನು ಕಲಿಯುತ್ತಿತ್ತು. ನನಗೆ ಹೆಮ್ಮೆಯಾಯಿತು, ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಊಟದ ಹೊತ್ತಿಗೆ ಜ್ಯೂರಿ ನಿರ್ದೋಷಿ ಅಂತ ಹೇಳಿತು. ಹ್ಯಾಲಕ್ ಎದ್ದು ಒಳಗೆ ಹೋದರು. ಜನ ಚದುರುತ್ತಿದ್ದಾಗ ಡೆಸ್ಬಾ ಕಟಕಟೆ ದಾಟಿ ಕೀಯವರ ಮುಂದೆ ಬಂದು ನಿಂತಳು.

“ಅಣ್ಣಾ, ಉಳಿದ ಕುರಿ ತಾವಾಗೇ ತಪ್ಪಿಸ್ಕೊಂಡ್ವು ಅಂದ್ಕೊಂಡಿದ್ದೆ. ನೀನು ಬಿಟ್ಟಿದ್ದಾ?”

ಕೀ ಸುಮ್ಮನಿದ್ದರು. ಅವಳು ಅವಸರ ಮಾಡಲಿಲ್ಲ.

“ಆರು ಬಂದ್ವು, ತಂಗಿ. ಏಳನೇದು ಮರಿ ಹತ್ರ ವಾಪಸ್ ಓಡ್ತು. ಕೈಗೆ ಸಿಗ್ಲಿಲ್ಲ.”

ಡೆಸ್ಬಾ ಆ ಸುಟ್ಟ ಕೈಗಳನ್ನು ಹಿಡಿದುಕೊಂಡು ನನ್ನ ಕಡೆ ತಿರುಗಿದಳು. “ಇದನ್ನ ಅವರ ಮಾತಲ್ಲಿ ಹೇಳೇ. ಗಟ್ಟಿಯಾಗಿ ಹೇಳು. ನಾನೂ ಆ ‘ಹೌದು’ ಅನ್ನೋ ಕಾಗದ ನಂಬಿದ್ದೆ ಅಂತ್ಲೂ ಹೇಳು.”

ಡಫ್ಫಿ ಚೀಲ ಹಿಡಿದು ಬಾಗಿಲಲ್ಲಿದ್ದ. ನಡಾವಳಿಯ ಹೆಂಗಸು ಯಂತ್ರಕ್ಕೆ ಮುಸುಕು ಹಾಕುತ್ತಿದ್ದಳು. ಇಬ್ಬರನ್ನೂ ನಿಲ್ಲಿಸಿ, ಒಂದು ಮಾತೂ ಬಿಡದೆ, ಗಟ್ಟಿಯಾಗಿ ಹೇಳಿದೆ.