ಎಲ್ಲ ಎಣ್ಣೆಗೂ ಒಂದೇ ಆಲಿಕೆ

ಓಡುವುದಕ್ಕೆಂದೇ ಹುಟ್ಟಿ, ನಿಲ್ಲುವುದನ್ನು ಕಲಿಯದ ಒಂದು ವ್ಯಾನಿತ್ತಂತೆ. ಅದನ್ನು ಓಡಿಸುವ ಹೆಂಗಸಿಗೆ ಎರಡು ಮಂಡಿ. ಒಂದು ಅವಳ ಮಾತು ಕೇಳುತ್ತಿರಲಿಲ್ಲವಂತೆ. ಅವಳಿಗೊಬ್ಬ ತಮ್ಮ, ತಮ್ಮನಿಗೊಂದು ಗ್ಯಾರೇಜು, ಗ್ಯಾರೇಜಿಗೊಂದು ಎಣ್ಣೆ ಸುರಿಯುವ ಆಲಿಕೆ.

ಹೆಂಗಸು ಆಸ್ಪತ್ರೆಯ ಒಗೆದ ಬಟ್ಟೆ ಸಾಗಿಸುತ್ತಿದ್ದಳು. ದಿನವೂ ಇಳಿಯುವ ಇಳಿಜಾರಿನ ಬುಡದಲ್ಲೇ ಶಾಲೆಯ ಗೇಟು. ಬ್ರೇಕೋ, ಬರೀ ಕಲ್ಲು. ಸೀಟಿನಿಂದ ಎದ್ದು ಎರಡೂ ಕಾಲಲ್ಲಿ ತುಳಿದರೆ ವ್ಯಾನು ಗೊಣಗುತ್ತ ನಿಲ್ಲುತ್ತಿತ್ತು.

"ಶಾಲೆ ರಜಾ ಮುಗಿಯೋದ್ರೊಳಗೆ ಹೈಡ್ರಾಲಿಕ್ ಬೂಸ್ಟರ್ ಕೂರಿಸ್ಕೊಡ್ತೀನಿ ಅಕ್ಕ," ಎಂದು ತಮ್ಮ ಮಾತು ಕೊಟ್ಟ. "ಸ್ಟೀರಿಂಗ್ ಪಂಪಿನ ಒತ್ತಡಾನೇ ನಿನ್ನ ಬದಲು ತುಳಿಯತ್ತೆ. ನೀನು ಬೆರಳಿಟ್ರೆ ಸಾಕು."

ಆ ಗ್ಯಾರೇಜಿನಲ್ಲಿ ಅವರಿಬ್ಬರ ಅಣ್ಣನ ಮಗಳೂ ಮೆಕ್ಯಾನಿಕ್. ಎಲ್ಲರ ಬಾಯಲ್ಲೂ ಅವಳು ಗುಬ್ಬಿ. ಶಾಲೆ ತೆರೆಯಲು ಮೂರೇ ದಿನವಿದ್ದಾಗ, ಚಿಕ್ಕಪ್ಪ ಮುಗಿಸಿಟ್ಟ ವ್ಯಾನನ್ನು ಅವಳು ಅಂಗಳದಲ್ಲಿ ನಾಲ್ಕು ಸುತ್ತು ಓಡಿಸಿ ನೋಡಿದಳು. ಬ್ರೇಕು ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ. ಚಕ್ರಗಳಿಂದ ಸುಟ್ಟ ಕೂದಲಿನಂಥ ನಾತ ಎದ್ದಿತು.

ಬ್ರೇಕ್ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದಳು. ಮುಚ್ಚಳದೊಳಗಿನ ರಬ್ಬರು ನೀರಲ್ಲಿ ನೆನೆದ ಹೆಣದ ತುಟಿಯಂತೆ ಊದಿಕೊಂಡಿತ್ತು.

"ಚಿಕ್ಕಪ್ಪ, ಇದಕ್ಕೆ ಏನು ಸುರಿದ್ರಿ?"

"ಬ್ರೇಕ್ ಎಣ್ಣೆ ಕಣೇ. ಇನ್ನೇನು ಜೇನುತುಪ್ಪ ಹಾಕ್ತಾರಾ?"

"ಯಾವ ಆಲಿಕೆಲಿ?"

ಅವನು ಗೋಡೆಯ ಮೊಳೆಗೆ ನೇತುಹಾಕಿದ್ದ ಆಲಿಕೆಯತ್ತ ಗದ್ದದಿಂದ ತೋರಿಸಿದ. ಸ್ಟೀರಿಂಗಿನ ಕೆಂಪೆಣ್ಣೆಗೂ ಅದೇ, ಎಂಜಿನ್ನಿಗೂ ಅದೇ. ಒಳಗೆ ಕಪ್ಪು ಅಂಟು, ಅಂಟಿನಲ್ಲಿ ಒಂದು ನೊಣ. ಆಲಿಕೆಯನ್ನು ಬನಿಯನ್ನಿಗೆ ಒರೆಸುವುದು, ಅದೇ ಬನಿಯನ್ನಿನಿಂದ ಬಾಯಿ ಒರೆಸಿಕೊಳ್ಳುವುದು ಅವನ ಅಭ್ಯಾಸ.

"ಕೆಂಪೆಣ್ಣೆ ಸೇರಿದ್ರೆ ಬ್ರೇಕಿನ ರಬ್ಬರೆಲ್ಲ ಊದತ್ತೆ ಅಂತ ಗೊತ್ತಿಲ್ವಾ?"

"ಒಂದು ಗುಟುಕು ಉಳಿದಿತ್ತೇನೋ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ!"

ಗುಬ್ಬಿ ರಬ್ಬರನ್ನು ಬೆಳಕಿಗೆ ಹಿಡಿದಳು. ಅಂಚನ್ನು ಸುತ್ತಲೂ ಬ್ಲೇಡಿನಿಂದ ಸವರಲಾಗಿತ್ತು.

"ಇದನ್ನ ಕತ್ತರಿಸಿದ್ದು?"

"ಮುಚ್ಚಳ ಕೂರ್ತಿರ್ಲಿಲ್ಲ, ಅದಕ್ಕೇ..."

ಗೊತ್ತಿಲ್ಲದೆ ಕೆಡಿಸಿದರೆ ತಪ್ಪು. ಕೆಟ್ಟದ್ದು ಕಂಡ ಮೇಲೂ ಕತ್ತರಿಸಿ ಮುಚ್ಚಿ, ಒಡಹುಟ್ಟಿದವಳನ್ನು ಮಕ್ಕಳ ಗೇಟಿನತ್ತ ಇಳಿಬಿಡುವುದಕ್ಕೆ ಏನೆನ್ನಬೇಕು?

ಅಷ್ಟರಲ್ಲಿ ಅತ್ತೆ ಕುಂಟುತ್ತ ಬಂದಳು. "ಆಯ್ತೇನೋ?"

"ಆಯ್ತಕ್ಕ, ತಗೊಂಡು ಹೋಗು. ಓಡ್ತಾ ಓಡ್ತಾ ಸರಿಹೋಗತ್ತೆ."

ಗುಬ್ಬಿ ಕೀಲಿಯನ್ನು ಜೇಬಿಗಿಳಿಸಿ, ರಬ್ಬರನ್ನು ಅತ್ತೆಯ ಅಂಗೈಗಿಟ್ಟು, ಇದ್ದದ್ದು ಇದ್ದಂತೆ ಹೇಳಿದಳು.

ಅತ್ತೆ ತಮ್ಮನನ್ನೇ ನೋಡಿದಳು. "ಚಿಕ್ಕಂದಿನಲ್ಲಿ ನೀನು ಅಗಿದು ಬೇಡವಾದ ತುತ್ತನ್ನ ಚಾಪೆ ಕೆಳಗೆ ತುರುಕ್ತಿದ್ದೆ. ಇರುವೆ ಬಂದಾಗಲೇ ನಮಗೆ ಗೊತ್ತಾಗ್ತಿದ್ದದ್ದು. ಥೂ, ಇನ್ನೂ ಅದೇ ಬುದ್ಧಿ!"

ಎರಡು ದಿನ ಗುಬ್ಬಿ ವ್ಯಾನಿನ ಕೆಳಗಿದ್ದಳು. ಬ್ರೇಕಿನ ಮಾಸ್ಟರ್ ಸಿಲಿಂಡರ್ ಹೊಸದು, ಚಕ್ರಗಳ ರಬ್ಬರೆಲ್ಲ ಹೊಸದು. ಕೊಳವೆಗಳಿಂದ ಕಫದಂಥ ಗುಲಾಬಿ ಗಸಿ ಇಳಿಯಿತು. ಅವನ್ನು ತೊಳೆಯುವ ಕೆಲಸ ಚಿಕ್ಕಪ್ಪನ ಪಾಲಿಗೆ. ಆಮೇಲೆ ಮುಂದಿನ ಚಕ್ರಗಳನ್ನೆತ್ತಿ, ಎಂಜಿನ್ ಹಚ್ಚಿ, ಒಳಗಿನ ಗಾಳಿ ಹೋಗಿ ಕೆಂಪೆಣ್ಣೆಯ ನೊರೆ ಅಡಗುವವರೆಗೆ ಸ್ಟೀರಿಂಗನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿದಳು. ಬ್ರೇಕ್ ಎಣ್ಣೆಗೆ ಮನೆಯಿಂದ ಹೊಸ ಆಲಿಕೆ ತಂದಿದ್ದಳು.

ಶಾಲೆ ತೆರೆಯುವ ಹಿಂದಿನ ಸಂಜೆ ಅತ್ತೆ ಕೀಲಿ ತೆಗೆದುಕೊಂಡಳು. "ನೀನು ಮುಂದೆ ಕೂತ್ಕೋ," ಎಂದಳು ತಮ್ಮನಿಗೆ. "ಮುಂದಿನ ಗಾಜಿನ ಹತ್ತಿರ."

ಇಳಿಜಾರಿನುದ್ದಕ್ಕೂ ಅವನು ಉಸಿರಾಡಿದ್ದನ್ನು ಹಿಂದೆ ಕೂತ ಗುಬ್ಬಿ ಕೇಳಲಿಲ್ಲ. ಬುಡದಲ್ಲಿ ಅತ್ತೆ ಚಪ್ಪಲಿಯ ತುದಿಯನ್ನಷ್ಟೇ ಒತ್ತಿದಳು. ಗೇಟಿಗೆ ಇನ್ನೂ ಹತ್ತು ಮಾರು ಇರುವಂತೆಯೇ ವ್ಯಾನು ನಿಂತಿತು. ಕಾಲೆತ್ತಿದಳು, ಚಕ್ರಗಳು ಹಗುರವಾಗಿ ಉರುಳಿದವು. ಮತ್ತೆ ಒತ್ತಿದಳು, ನಿಂತವು.

"ಬೆರಳು ಸಾಕು ಅಂತ ನಾನು ಹೇಳಿರ್ಲಿಲ್ವಾ?" ಎಂದ ಚಿಕ್ಕಪ್ಪ, ಗುಬ್ಬಿಯ ಮಸಿ ಕೈ ನೋಡಿ ಬನಿಯನ್ನಿನ ಅಂಚನ್ನು ಹಿಂದಕ್ಕೆ ಚಾಚುತ್ತ. "ತಗೋ, ಒರೆಸ್ಕೋ."

ಗುಬ್ಬಿ ಕೈಯನ್ನು ತನ್ನ ಬಟ್ಟೆಗೇ ಒರೆಸಿಕೊಂಡಳು.